ಕೆನಡಾ ನೌಕಾಪಡೆ: ನೀರಿನ ಹಡಗು, ನೆಲದ ಹಡಗು

ಕೆನಡಾದ ನೌಕಾಪಡೆ 1910ರ ಮೇ 4ರಂದು ಅಸ್ತಿತ್ವಕ್ಕೆ ಬಂತು. ಅಂದು ಜಾರಿಗೆ ಬಂದ ನೌಕಾ ಸೇವಾ ಕಾಯ್ದೆಗೆ ಪ್ರಧಾನಿ ವಿಲ್ಫ್ರಿಡ್ ಲಾರಿಯೇ ರಾಜಕೀಯವಾಗಿ ದೊಡ್ಡ ಬೆಲೆಯನ್ನೇ ತೆತ್ತರು. ಬ್ರಿಟನ್ನಿಗೆ ಇಷ್ಟು ನೆರವು ಏನೇನೂ ಸಾಲದೆಂದು ಇಂಗ್ಲಿಷ್ ಮಾತಾಡುವ ಜನ ಮೂದಲಿಸಿದರು. ಸಾಮ್ರಾಜ್ಯದ ಯುದ್ಧಗಳಿಗೆ ನಮ್ಮ ಮಕ್ಕಳನ್ನು ಎಳೆದೊಯ್ಯುವ ಹುನ್ನಾರವಿದು ಎಂದು ಕ್ವಿಬೆಕ್‌ನ ಫ್ರೆಂಚ್ ಭಾಷಿಕರು ಸಿಡಿದೆದ್ದರು. ಮರುವರ್ಷದ ಚುನಾವಣೆಯಲ್ಲಿ ಲಾರಿಯೇ ಸೋತರು. ಅದೇ 1911ರಲ್ಲಿ ದೊರೆ ಐದನೇ ಜಾರ್ಜ್ ಈ ಪಡೆಗೆ ‘ರಾಯಲ್ ಕೆನಡಿಯನ್ ನೇವಿ’ ಎಂದು ಕರೆದುಕೊಳ್ಳಲು ಒಪ್ಪಿಗೆ ಕೊಟ್ಟರು.

ಪಡೆಯ ಮೊದಲ ಎರಡು ಹಡಗುಗಳೂ ಬ್ರಿಟನ್ ಬಳಸಿ ಬಿಟ್ಟವು. 11,000 ಟನ್ನಿನ ದೊಡ್ಡ ಕ್ರೂಸರ್ ‘ನಯೋಬಿ’ 1910ರ ಅಕ್ಟೋಬರ್ 21ರಂದು ಅಟ್ಲಾಂಟಿಕ್ ಕರಾವಳಿಯ ಹ್ಯಾಲಿಫ್ಯಾಕ್ಸ್ ಬಂದರಿಗೆ ಬಂತು. ಅದಕ್ಕಿಂತ ಬಹಳ ಚಿಕ್ಕದಾದ ‘ರೇನ್‌ಬೋ’ ನವೆಂಬರ್ 7ರಂದು ಪೆಸಿಫಿಕ್ ಕರಾವಳಿಯ ಎಸ್ಕ್ವೈಮಾಲ್ಟ್ ತಲುಪಿತು. ಈ ಎರಡು ಬಂದರುಗಳೇ ಇಂದಿಗೂ ಕೆನಡಾ ನೌಕಾಪಡೆಯ ಮುಖ್ಯ ನೆಲೆಗಳು.

ರೇನ್‌ಬೋ ಹೆಸರು ಭಾರತದ ಚರಿತ್ರೆಗೂ ಸೇರಿದ್ದು. ಬಾಬಾ ಗುರ್ದಿತ್ ಸಿಂಗ್ ಬಾಡಿಗೆಗೆ ಗೊತ್ತುಮಾಡಿದ್ದ ‘ಕೋಮಗಾಟ ಮಾರು’ ಹಡಗು 376 ಭಾರತೀಯರನ್ನು ಹೊತ್ತು 1914ರ ಮೇ 23ರಂದು ವ್ಯಾಂಕೂವರ್ ಸೇರಿತು. ಪ್ರಯಾಣಿಕರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮವನ್ನು ಕೆನಡಾ ಮೊದಲೇ ಮಾಡಿಟ್ಟಿತ್ತು. ಭಾರತದಿಂದ ಅಂಥ ಹಡಗೇ ಇರಲಿಲ್ಲವಾದ್ದರಿಂದ ಅದು ಯಾರನ್ನು ತಡೆಯಲು ಮಾಡಿದ ನಿಯಮವೆಂಬುದು ಎಲ್ಲರಿಗೂ ಗೊತ್ತಿತ್ತು. ಎರಡು ತಿಂಗಳು ಹಡಗು ಬಂದರಿನಲ್ಲೇ ಲಂಗರು ಹಾಕಿ ನಿಂತಿತು. ಬಲವಂತವಾಗಿ ಹತ್ತಲು ಬಂದ ಪೊಲೀಸರನ್ನು ಪ್ರಯಾಣಿಕರು ಕಲ್ಲಿದ್ದಲು ಎಸೆದು ಹಿಮ್ಮೆಟ್ಟಿಸಿದರು. ಆಗ ಸರ್ಕಾರ ರೇನ್‌ಬೋವನ್ನು ಕರೆಸಿತು. ಜುಲೈ 23ರಂದು ಅದರ ಫಿರಂಗಿಗಳ ಕಾವಲಿನಲ್ಲಿ ಕೋಮಗಾಟ ಮಾರು ಮರಳಿ ಹೊರಟಿತು. ಸೆಪ್ಟೆಂಬರ್ ಕೊನೆಗೆ ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು. ಹಡಗನ್ನು ಹಿಂದಕ್ಕೆ ಕಳಿಸಿದ್ದಕ್ಕೆ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ಎಳೆಯ ನೌಕಾಪಡೆಯೊಂದು ತನ್ನ ಬಲವನ್ನು ಮೊದಮೊದಲು ತೋರಿಸಿದ್ದು ನಿರಾಯುಧ ವಲಸಿಗರ ಮುಂದೆ ಎಂಬುದು ಅದರ ಚರಿತ್ರೆಯ ಅತ್ಯಂತ ನೋವಿನ ಪುಟ.

ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಮುಖ್ಯಸ್ಥ ರಿಚರ್ಡ್ ಮೆಕ್‌ಬ್ರೈಡ್, ಚಿಲಿ ದೇಶಕ್ಕೆಂದು ಸಿಯಾಟಲ್‌ನಲ್ಲಿ ಕಟ್ಟಿದ್ದ ಎರಡು ಜಲಾಂತರ್ಗಾಮಿಗಳನ್ನು ರಾತ್ರೋರಾತ್ರಿ ಕೊಂಡುತಂದರು. ಕೆನಡಾದ ಮೊದಲ ಜಲಾಂತರ್ಗಾಮಿಗಳು ಹಾಗೆ ಬಂದವು. ಅತ್ತ ಹ್ಯಾಲಿಫ್ಯಾಕ್ಸ್‌ನಲ್ಲಿ ನಯೋಬಿ ಒಂದು ವರ್ಷ ಗಸ್ತು ತಿರುಗಿ ಸವೆದುಹೋಗಿತ್ತು. 1915ರಲ್ಲಿ ಅದನ್ನು ಬಂದರಿನಲ್ಲೇ ಕಟ್ಟಿಹಾಕಿ ನಾವಿಕರ ವಸತಿ, ಕಚೇರಿ, ಉಗ್ರಾಣವಾಗಿ ಮಾರ್ಪಡಿಸಲಾಯಿತು. ಕೆನಡಾದ ದಡದ ನೆಲೆಗಳ ಕಥೆ ತೊಡಗುವುದು ಇಂಥ ನಿಂತ ಹಡಗಿನಿಂದಲೇ.

ಕಟ್ಟಡಗಳಿಗೆ ಹಡಗಿನ ಹೆಸರಿಡುವ ಪದ್ಧತಿಯ ಬೇರು ಬ್ರಿಟಿಷ್ ಕಾನೂನಿನಲ್ಲಿದೆ. ನೌಕಾ ಶಿಸ್ತಿನ ಕಾಯ್ದೆ ಯಾವುದಾದರೂ ಹಡಗಿನ ದಫ್ತರಿನಲ್ಲಿ ಹೆಸರಿರುವವನಿಗೆ ಮಾತ್ರ ಅನ್ವಯಿಸುತ್ತಿತ್ತು. ದಡದಲ್ಲಿ ಕೆಲಸ ಮಾಡುವವನನ್ನು ಅದರ ಹಿಡಿತಕ್ಕೆ ತರಬೇಕಾದರೆ ಅವನ ಹೆಸರನ್ನು ಬಂದರಿನಲ್ಲಿ ತೇಲುವ ಹಳೆಯ ಹಡಗೊಂದಕ್ಕೆ ಸೇರಿಸಬೇಕಿತ್ತು. ಕಾಲಕ್ರಮದಲ್ಲಿ ಆ ಹಳೆಯ ಹಡಗೂ ಬೇಡವಾಗಿ, ಬ್ಯಾರಕ್ಕನ್ನೇ ಹಡಗೆಂದು ನೇಮಿಸುವುದು ರೂಢಿಯಾಯಿತು. ನಾವಿಕರು ಇವನ್ನು ‘ಕಲ್ಲಿನ ಫ್ರಿಗೇಟ್’ ಎಂದು ಕರೆದರು. ಅಲ್ಲಿ ನೆಲ ಡೆಕ್ ಆಗುತ್ತದೆ, ಅಡುಗೆಮನೆ ಗ್ಯಾಲಿ ಆಗುತ್ತದೆ, ಗೇಟು ದಾಟಿ ಪೇಟೆಗೆ ಹೋದರೆ ‘ದಡಕ್ಕೆ ಹೋದ’ ಎನ್ನುತ್ತಾರೆ. ಬ್ರಿಟಿಷ್ ಪರಂಪರೆಯ ನೌಕಾಪಡೆಗಳಲ್ಲೆಲ್ಲ ಈ ರೂಢಿ ಉಳಿದಿದೆ. 2005ರಲ್ಲಿ ಸೇವೆಗೆ ಸೇರಿದ ಕಾರವಾರದ ನೌಕಾನೆಲೆಗೆ ಐಎನ್‌ಎಸ್ ಕದಂಬ ಎಂದು ಹಡಗಿನ ಮಾದರಿಯ ಹೆಸರಿರುವುದೂ ಇದರಿಂದಲೇ.

1917ರ ಡಿಸೆಂಬರ್ 6ರ ಬೆಳಗ್ಗೆ ಹ್ಯಾಲಿಫ್ಯಾಕ್ಸ್ ಬಂದರಿನ ಇಕ್ಕಟ್ಟಾದ ದಾರಿಯಲ್ಲಿ ಮದ್ದುಗುಂಡು ತುಂಬಿದ ಫ್ರೆಂಚ್ ಹಡಗು ‘ಮಾಂಬ್ಲಾಂ’ಗೆ ನಾರ್ವೆಯ ‘ಇಮೊ’ ಡಿಕ್ಕಿ ಹೊಡೆಯಿತು. ಹೊತ್ತಿ ಉರಿಯುತ್ತಿದ್ದ ಹಡಗಿನ ಬಳಿಗೆ ನಯೋಬಿಯಿಂದ ಆಲ್ಬರ್ಟ್ ಮ್ಯಾಟಿಸನ್ ಮುಂದಾಳ್ತನದಲ್ಲಿ ಏಳು ಜನ ಸಣ್ಣ ದೋಣಿಯೊಂದರಲ್ಲಿ ಧಾವಿಸಿದರು. ಅವರು ಅಲ್ಲಿರುವಾಗಲೇ ಮಾಂಬ್ಲಾಂ ಸಿಡಿಯಿತು. ಏಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಊರಿನ ಉತ್ತರ ಭಾಗವೇ ನೆಲಸಮವಾಗಿ ಸುಮಾರು 2,000 ಜನ ಸತ್ತರು. ನೌಕಾ ಅಧಿಕಾರಿಗಳ ಕಾಲೇಜು ಜಖಂಗೊಂಡು ಬೇರೆಡೆಗೆ ಹೋಗಬೇಕಾಯಿತು.

ಯುದ್ಧ ಮುಗಿದ ಮೇಲೆ ಸರ್ಕಾರ ನೌಕಾಪಡೆಯ ಖರ್ಚಿಗೆ ಕತ್ತರಿ ಹಾಕಿತು. 1922ರಲ್ಲಿ ಕಾಲೇಜು ಮುಚ್ಚಿತು, ಕರಾವಳಿಗೊಂದರಂತೆ ಎರಡು ಡಿಸ್ಟ್ರಾಯರ್, ಜೊತೆಗೆ ಕೆಲವು ಟ್ರಾಲರ್ ಮಾತ್ರ ಉಳಿದವು. ಪಡೆ ಅಳಿಯದಂತೆ ಕಾಪಾಡಿದ್ದು ಅದರ ಮುಖ್ಯಸ್ಥ ವಾಲ್ಟರ್ ಹೋಸ್ ಅವರ ಒಂದು ಯೋಚನೆ. ಹಡಗು ಕೊಳ್ಳಲು ಹಣವಿಲ್ಲದಿದ್ದರೆ ಜನರನ್ನಾದರೂ ತಯಾರು ಮಾಡೋಣ ಎಂದು ಅವರು 1923ರಲ್ಲಿ ಸ್ವಯಂಸೇವಕರ ಮೀಸಲು ಪಡೆ ಕಟ್ಟಿದರು. ಅದರ ತುಕಡಿಗಳನ್ನು ಬಂದರುಗಳಲ್ಲಷ್ಟೇ ಅಲ್ಲ, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಊರುಗಳಲ್ಲೂ ಇಟ್ಟರು. ಗೋಧಿ ಬೆಳೆಯುವ ಬಯಲುಸೀಮೆಯ ಹುಡುಗರು ಸಂಜೆ ಹೊತ್ತು ಕವಾಯತು ಮಾಡಿದರು, ಗಂಟು ಹಾಕುವುದನ್ನೂ ಸಂಕೇತ ಕಳಿಸುವುದನ್ನೂ ಕಲಿತರು. ಇದರಿಂದ ನೌಕಾಪಡೆ ಎರಡು ಬಂದರುಗಳ ಸ್ವತ್ತಾಗಿ ಉಳಿಯದೆ ದೇಶದ ಸ್ವತ್ತಾಯಿತು. ಕೆನಡಾ ನೌಕಾ ಚರಿತ್ರೆಯಲ್ಲಿ ಇದಕ್ಕಿಂತ ದೂರದೃಷ್ಟಿಯ ತೀರ್ಮಾನ ಮತ್ತೊಂದು ಕಾಣಸಿಗದು.

1941ರ ನವೆಂಬರ್ 1ರಂದು ಈ ತುಕಡಿಗಳೆಲ್ಲ ಹಡಗಿನ ಹೆಸರು ಪಡೆದವು. ವಿನ್ನಿಪೆಗ್‌ನದು ‘ಚಿಪ್ಪಾವಾ’. ಕ್ಯಾಲ್ಗರಿಯದು ‘ಟೆಕಮ್ಸೆ’, ಅದು ಶಾನಿ ಬುಡಕಟ್ಟಿನ ವೀರನಾಯಕನ ಹೆಸರು. ಎಡ್ಮಂಟನ್ನಿನ ‘ನಾನ್‌ಸಚ್’, 1668ರಲ್ಲಿ ಹಡ್ಸನ್ ಕೊಲ್ಲಿಗೆ ತುಪ್ಪಳದ ವ್ಯಾಪಾರಕ್ಕೆ ಬಂದ ಪುಟ್ಟ ಹಾಯಿಹಡಗಿನ ನೆನಪು. ವ್ಯಾಂಕೂವರ್‌ನದು ‘ಡಿಸ್ಕವರಿ’, ಆ ಊರಿಗೆ ಹೆಸರು ಕೊಟ್ಟ ನಾವಿಕ ಜಾರ್ಜ್ ವ್ಯಾಂಕೂವರ್ ಬಂದದ್ದು ಅದೇ ಹೆಸರಿನ ಹಡಗಿನಲ್ಲಿ.

ಆ ಹೊತ್ತಿಗೆ ಎರಡನೇ ಮಹಾಯುದ್ಧಕ್ಕೆ ಎರಡು ವರ್ಷ ತುಂಬಿತ್ತು. 1939ರಲ್ಲಿ ಆರು ಡಿಸ್ಟ್ರಾಯರ್‌ಗಳೊಂದಿಗೆ ಕಣಕ್ಕಿಳಿದ ಪಡೆ ಯುದ್ಧದ ಕೊನೆಗೆ 400ಕ್ಕೂ ಹೆಚ್ಚು ಹಡಗು, 90,000ಕ್ಕೂ ಹೆಚ್ಚು ಜನರ ಪಡೆಯಾಗಿ ಬೆಳೆಯಿತು. ಅಟ್ಲಾಂಟಿಕ್ ದಾಟುವ ಸರಕು ಹಡಗುಗಳಿಗೆ ಬೆಂಗಾವಲಾಗುವುದು ಅದರ ಮುಖ್ಯ ಕೆಲಸ. ಇದಕ್ಕೆಂದೇ ಬಂದವು ಕಾರ್ವೆಟ್‌ಗಳು. ತಿಮಿಂಗಿಲ ಬೇಟೆಯ ಹಡಗಿನ ವಿನ್ಯಾಸವನ್ನೇ ತುಸು ಬದಲಿಸಿ ಕಟ್ಟಿದ ಇವುಗಳ ಉದ್ದ ಸುಮಾರು 205 ಅಡಿ, ವೇಗ 16 ನಾಟ್. ಸಣ್ಣ ಕಟ್ಟೆಗಳಲ್ಲೂ ಬೇಗ ಕಟ್ಟಬಹುದಿತ್ತು, ಆದರೆ ಬಿರುಗಾಳಿಯಲ್ಲಿ ಹೊರಳಾಡುವುದರಲ್ಲಿ ಅವನ್ನು ಮೀರಿಸುವ ಹಡಗಿರಲಿಲ್ಲ. ಒದ್ದೆ ಬಟ್ಟೆ, ಒದ್ದೆ ಹಾಸಿಗೆ, ಕೆಲವು ದಿನಕ್ಕೇ ಮುಗಿದುಹೋಗುವ ತಾಜಾ ಬ್ರೆಡ್ಡು, ಮಂಜುಗಡ್ಡೆ ಕಟ್ಟಿ ವಾಲುವ ಡೆಕ್ಕು: ಇವುಗಳ ನಡುವೆ ಜನ ವರ್ಷಗಟ್ಟಲೆ ಬಾಳಿದರು. ಇಂಥ 123 ಕಾರ್ವೆಟ್‌ಗಳು ಕೆನಡಾ ಧ್ವಜದಡಿ ದುಡಿದವು.

ಬ್ರಿಟನ್ ತನ್ನ ಕಾರ್ವೆಟ್‌ಗಳಿಗೆ ಹೂಗಳ ಹೆಸರಿಟ್ಟರೆ ಕೆನಡಾ ತನ್ನ ಊರುಗಳ ಹೆಸರಿಟ್ಟಿತು. ಆಯಾ ಊರಿನವರು ತಮ್ಮ ಹಡಗಿಗೆ ಉಣ್ಣೆಯ ಕಾಲುಚೀಲ, ಪುಸ್ತಕ, ತಿಂಡಿ ಕಳಿಸಿದರು. 1941ರ ಸೆಪ್ಟೆಂಬರ್‌ನಲ್ಲಿ ಗ್ರೀನ್‌ಲ್ಯಾಂಡ್ ಬಳಿ ಜರ್ಮನಿಯ ಯು-501 ಜಲಾಂತರ್ಗಾಮಿಯನ್ನು ಮುಳುಗಿಸಿದ ಎರಡು ಕಾರ್ವೆಟ್‌ಗಳಲ್ಲಿ ಒಂದು ‘ಶಾಂಬ್ಲಿ’, ಇನ್ನೊಂದು ಬಯಲುಸೀಮೆಯ ಊರಿನ ಹೆಸರು ಹೊತ್ತ ‘ಮೂಸ್ ಜಾ’. ಕಾಳಗದ ನಡುವೆ ಜರ್ಮನ್ ಕಪ್ತಾನ ತನ್ನ ಹಡಗಿನಿಂದ ಮೂಸ್ ಜಾದ ಡೆಕ್ಕಿಗೇ ಹಾರಿ ಶರಣಾದ. ಎಲ್ಲ ಕಡೆಯೂ ಗೆಲುವೇ ಸಿಗಲಿಲ್ಲ. ತರಬೇತಿ ಸಾಲದ ಸಿಬ್ಬಂದಿ, ಹಳತಾದ ರೇಡಾರ್ ಇಟ್ಟುಕೊಂಡು ಹೊರಟ ಬೆಂಗಾವಲು ಗುಂಪುಗಳು 1942ರಲ್ಲಿ ಭಾರಿ ನಷ್ಟ ಕಂಡವು. ಯುದ್ಧದಲ್ಲಿ ಪಡೆ ಕಳೆದುಕೊಂಡ ಹಡಗುಗಳು 24, ಜೀವಗಳು ಸುಮಾರು 2,000.

ಯುದ್ಧಕಾಲದ ಅಷ್ಟೊಂದು ನಾವಿಕರನ್ನು ತಯಾರು ಮಾಡಿದ್ದು ದಡದ ಹಡಗುಗಳು. ನೋವಾ ಸ್ಕೋಷಿಯಾದ ಡೀಪ್ ಬ್ರೂಕ್‌ಗೆ 1943ರಲ್ಲಿ ಸ್ಥಳಾಂತರಗೊಂಡ ‘ಕಾರ್ನ್‌ವಾಲಿಸ್’ ಇಡೀ ಕಾಮನ್‌ವೆಲ್ತ್‌ನಲ್ಲೇ ಅತಿದೊಡ್ಡ ನೌಕಾ ತರಬೇತಿ ನೆಲೆಯಾಯಿತು. ಹ್ಯಾಲಿಫ್ಯಾಕ್ಸ್‌ನ ವಿಶ್ವವಿದ್ಯಾಲಯವೊಂದು ‘ಕಿಂಗ್ಸ್’ ಎಂಬ ಹಡಗಾಗಿ ಅಧಿಕಾರಿಗಳನ್ನು ರೂಪಿಸಿತು. ಆಗಿನ್ನೂ ಕೆನಡಾಕ್ಕೆ ಸೇರದಿದ್ದ ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿದ್ದ ‘ಅವಲಾನ್’ ಬೆಂಗಾವಲು ಹಡಗುಗಳ ತಂಗುದಾಣ. ಒಂಟಾರಿಯೊದ ಗಾಲ್ಟ್‌ನಲ್ಲಿ 1942ರಲ್ಲಿ ತೆರೆದ ‘ಕಾನೆಸ್ಟೋಗಾ’ ಮಹಿಳೆಯರ ತರಬೇತಿಗೆ ಮೀಸಲು. ಅದರ ಹೊಣೆ ಹೊತ್ತ ಇಸಬೆಲ್ ಮೆಕ್‌ನೀಲ್ ಕೆನಡಾದಲ್ಲಿ ನೌಕಾ ‘ಹಡಗೊಂದರ’ ಕಮಾಂಡರ್ ಆದ ಮೊದಲ ಮಹಿಳೆ. ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿದ್ದ ಕೆನಡಾ ನಾವಿಕರ ನೆಲೆಗೆ ‘ನಯೋಬಿ’ ಎಂಬ ಹಳೆಯ ಹೆಸರೇ ಮತ್ತೆ ಬಂತು.

ಯುದ್ಧಾನಂತರ 1949ರಲ್ಲಿ ಮೂರು ಹಡಗುಗಳ ನಾವಿಕರು ಕೆಲಸಕ್ಕೆ ಇಳಿಯದೆ ಊಟದ ಕೋಣೆಯ ಬಾಗಿಲು ಹಾಕಿಕೊಂಡು ಪ್ರತಿಭಟಿಸಿದರು. ತನಿಖೆ ನಡೆಸಿದ ಮೈನ್‌ಗೈ ಸಮಿತಿ ಅಧಿಕಾರಿಗಳು ಬ್ರಿಟಿಷರ ಠೀವಿ ಬಿಟ್ಟು ತಮ್ಮ ಜನರನ್ನು ಅರಿಯಬೇಕೆಂದಿತು, ಸಮವಸ್ತ್ರದ ಮೇಲೆ ‘ಕೆನಡಾ’ ಎಂಬ ಗುರುತು ಇರಲೆಂದಿತು. ಆ ವರದಿ ಪಡೆಗೆ ತನ್ನತನ ಕೊಟ್ಟಿತು. 1954ರಲ್ಲಿ ‘ಲ್ಯಾಬ್ರಡಾರ್’ ಉತ್ತರ ಧ್ರುವದ ಹಿಮದ ನಡುವಿನ ವಾಯವ್ಯ ಜಲಮಾರ್ಗವನ್ನು ದಾಟಿದ ಮೊದಲ ನೌಕಾಪಡೆ ಹಡಗಾಯಿತು. 1957ರಲ್ಲಿ ಬಂದ ವಿಮಾನವಾಹಕ ‘ಬೊನವೆಂಚರ್’ ಭಾರತದ ಮೊದಲ ‘ವಿಕ್ರಾಂತ್’ನ ಸೋದರಿ ಹಡಗು. ಎರಡೂ ಒಂದೇ ವರ್ಗದವು, ಎರಡೂ ಬೆಲ್‌ಫಾಸ್ಟ್‌ನಲ್ಲೇ ಪೂರ್ಣಗೊಂಡವು. ವಿಕ್ರಾಂತ್ 1997ರವರೆಗೆ ದುಡಿಯಿತು. ಬೊನವೆಂಚರ್ ಮಾತ್ರ ಭಾರಿ ಖರ್ಚಿನ ದುರಸ್ತಿ ಮುಗಿದ ಕೆಲವೇ ವರ್ಷಗಳಲ್ಲಿ, 1970ರಲ್ಲಿ, ಸೇವೆಯಿಂದ ಹೊರಬಿತ್ತು.

1968ರ ಫೆಬ್ರುವರಿ 1ರಂದು ಸರ್ಕಾರ ಭೂಸೇನೆ, ನೌಕಾಪಡೆ, ವಾಯುಪಡೆ ಮೂರನ್ನೂ ಒಂದಾಗಿಸಿತು. ನಾವಿಕರು ಹಸಿರು ಸಮವಸ್ತ್ರ ತೊಡಬೇಕಾಯಿತು. ಇದನ್ನು ಬಹಿರಂಗವಾಗಿ ವಿರೋಧಿಸಿದ ಅಡ್ಮಿರಲ್ ವಿಲಿಯಂ ಲ್ಯಾಂಡಿಮೋರ್ ಅದಕ್ಕೆ ಮೊದಲೇ ಹುದ್ದೆ ಕಳೆದುಕೊಂಡಿದ್ದರು. ಹ್ಯಾಲಿಫ್ಯಾಕ್ಸ್‌ನ ‘ಸ್ಟಾಡಕೋನಾ’, ಎಸ್ಕ್ವೈಮಾಲ್ಟ್‌ನ ‘ನೇಡನ್’ ಹಡಗಿನ ಪಟ್ಟ ಕಳೆದುಕೊಂಡು ಸಾಮಾನ್ಯ ಸೇನಾನೆಲೆಗಳ ಭಾಗಗಳಾದವು. ‘ರಾಯಲ್ ಕೆನಡಿಯನ್ ನೇವಿ’ ಎಂಬ ಹೆಸರು ಮರಳಿದ್ದು 2011ರಲ್ಲಿ.

ಇಂದಿನ ಹನ್ನೆರಡು ಹ್ಯಾಲಿಫ್ಯಾಕ್ಸ್ ವರ್ಗದ ಫ್ರಿಗೇಟ್‌ಗಳಿಗೆ ಊರುಗಳ ಹೆಸರುಗಳಿವೆ. ಆರ್ಕ್‌ಟಿಕ್ ಗಸ್ತಿಗೆಂದು 2021ರಿಂದ ಸೇರತೊಡಗಿದ ಹಡಗುಗಳಿಗೆ ವ್ಯಕ್ತಿಗಳ ಹೆಸರು. ಮೊದಲನೆಯದರ ಹೆಸರು ಹ್ಯಾರಿ ಡಿವುಲ್ಫ್ ಅವರದು. 1944ರಲ್ಲಿ ಮುಳುಗಿದ ‘ಅಥಬಾಸ್ಕನ್’ನ ಜನರನ್ನೆತ್ತಲು ಶತ್ರುವಿನ ಕರಾವಳಿಯ ಎದುರೇ ತಮ್ಮ ‘ಹೈಡಾ’ವನ್ನು ನಿಲ್ಲಿಸಿದ ಕಪ್ತಾನ. ಎರಡನೆಯದು ಮಾರ್ಗರೆಟ್ ಬ್ರೂಕ್ ಅವರದು. 1942ರಲ್ಲಿ ‘ಕ್ಯಾರಿಬೂ’ ಪ್ರಯಾಣಿಕ ಹಡಗು ಮುಳುಗಿದ ರಾತ್ರಿ ತಣ್ಣೀರಿನಲ್ಲಿ ಗೆಳತಿಯನ್ನು ಉಳಿಸಲು ಹೆಣಗಿದ ನೌಕಾಪಡೆಯ ದಾದಿ. ಇನ್ನೊಂದು ವಿಲಿಯಂ ಹಾಲ್ ಅವರದು; 1857ರಲ್ಲಿ ಲಖನೌದಲ್ಲಿ ಬ್ರಿಟಿಷರ ಪರ ಫಿರಂಗಿ ನಡೆಸಿ ವಿಕ್ಟೋರಿಯಾ ಕ್ರಾಸ್ ಪಡೆದ ನೋವಾ ಸ್ಕೋಷಿಯಾದ ಕಪ್ಪುವರ್ಣದ ನಾವಿಕ.

123 ಕಾರ್ವೆಟ್‌ಗಳಲ್ಲಿ ಉಳಿದಿರುವುದು ‘ಸ್ಯಾಕ್‌ವಿಲ್’ ಒಂದೇ, ಅದು ಹ್ಯಾಲಿಫ್ಯಾಕ್ಸ್‌ನಲ್ಲಿ ಸ್ಮಾರಕವಾಗಿದೆ. ವಾಲ್ಟರ್ ಹೋಸ್ ಕಟ್ಟಿದ ಮೀಸಲು ಪಡೆಯ ದಡದ ಹಡಗುಗಳು 1968ರ ವಿಲೀನದಲ್ಲೂ ತಮ್ಮ ಹೆಸರು ಬಿಟ್ಟುಕೊಡಲಿಲ್ಲ. ದೇಶದ 24 ಊರುಗಳಲ್ಲಿ ಅವು ಇಂದಿಗೂ ನಾವಿಕರನ್ನು ತಯಾರು ಮಾಡುತ್ತಿವೆ.