ನಮ್ಮ ಸೀಮೆಯಲ್ಲಿ ದೇವರ ವಾಕ್ಯ: ಒಂದು ಚಾರಿತ್ರಿಕ ಅವಲೋಕನ

ನಮ್ಮ ದೇವಾಲಯದ ಶತಮಾನೋತ್ಸವದ ಈ ಪುಣ್ಯಸಮಯದಲ್ಲಿ ಕಟ್ಟಡದ ಚರಿತ್ರೆಯನ್ನೂ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪರಂಪರೆಯನ್ನೂ ಇತರ ಲೇಖಕರು ಈ ಸಂಚಿಕೆಯಲ್ಲಿ ವಿವರಿಸಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ಕಣ್ಣಿಗೆ ಕಾಣುವಂಥದಲ್ಲ. ಪೂಜಾಪೀಠದಿಂದ ವಾಚಿಸಲ್ಪಟ್ಟ ದೇವರ ವಾಕ್ಯ ದೇವಾಲಯದ ಬಾಗಿಲು ದಾಟಿ ನಮ್ಮ ಜನರ ಹೊಲ, ಮನೆ, ಮಗ್ಗ, ಆಸ್ಪತ್ರೆಗಳವರೆಗೆ ಹೇಗೆ ನಡೆದುಬಂತು, ಎಲ್ಲಿ ನಿಂತುಹೋಯಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ಹೇಳಲು ಯತ್ನಿಸುತ್ತೇನೆ.

ಮೊದಲು ಸೀಮೆಯ ಮಾತು. ಕೊಳ್ಳೇಗಾಲ ತಾಲ್ಲೂಕು 1956ನೆಯ ಇಸವಿಯ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ, ಮೈಸೂರು ಸಂಸ್ಥಾನದ ನೆಲ. ಹನೂರು ಬಹುಕಾಲ ಕೊಳ್ಳೇಗಾಲದ ಅಂಗವಾಗಿದ್ದು ಈಚಿನ ವರ್ಷಗಳಲ್ಲಷ್ಟೇ ಸ್ವತಂತ್ರ ತಾಲ್ಲೂಕಾಯಿತು. ಹೀಗೆ ಎರಡು ಸರ್ಕಾರಗಳ ಗಡಿಯಲ್ಲಿ, ಕನ್ನಡ ಮತ್ತು ತಮಿಳು ಎಂಬ ಎರಡು ನುಡಿಗಳ ನಡುವೆ ನಮ್ಮ ಹಿರಿಯರು ಬಾಳಿದರು. ಮಾರ್ಟಳ್ಳಿ, ಸಂದನಪಾಳ್ಯಗಳ ಕಡೆಯ ಕಥೋಲಿಕ ಕುಟುಂಬಗಳು ಮನೆಯಲ್ಲಿ ತಮಿಳಿನಲ್ಲಿ ಜಪಮಾಲೆ ಹೇಳಿ, ಸಂತೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಮಾಡುವುದನ್ನು ನಾವು ಇಂದಿಗೂ ಕಾಣುತ್ತೇವೆ. ಇಂಥ ನೆಲದಲ್ಲಿ ದೇವರ ವಾಕ್ಯವನ್ನು ಯಾವ ಮಾತಿನಲ್ಲಿ, ಯಾವ ಉದಾಹರಣೆಯಿಂದ ಹೇಳಬೇಕೆಂಬುದು ಆರಂಭದಿಂದಲೂ ಸುಲಭದ ಪ್ರಶ್ನೆಯಾಗಿರಲಿಲ್ಲ.

ಮೈಸೂರು ಸೀಮೆಗೆ 17ನೆಯ ಶತಮಾನದ ಮಧ್ಯಭಾಗದಲ್ಲಿ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ನೆಲಸಿ, ಕನ್ನಡ ಕಲಿತು, ಕನ್ನಡದ ವ್ಯಾಕರಣವನ್ನೂ ಶಬ್ದಕೋಶವನ್ನೂ ಜ್ಞಾನೋಪದೇಶವನ್ನೂ ಸಿದ್ಧಪಡಿಸಿದರು. ಟಿಪ್ಪು ಸುಲ್ತಾನರ ಪತನಾನಂತರ ಅದೇ ಊರಿಗೆ ಬಂದವರು ಪ್ಯಾರಿಸ್ ಮಿಷನ್ನಿನ ಅಬ್ಬೆ ದುಬಾಯ್. ಜನ ಇವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಇವರು ಬರೆದಿಟ್ಟಿರುವ ಒಂದು ಪ್ರಸಂಗ ನನ್ನ ವಿಷಯಕ್ಕೆ ಬಹಳ ಹತ್ತಿರವಾದುದು. ಒಮ್ಮೆ ಅವರು ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿಯನ್ನು ಭಕ್ತರಿಗೆ ವಿವರಿಸಿದರು. ಹಿಂತಿರುಗಿದ ಮಗನಿಗಾಗಿ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂದು ಹೇಳಿದಾಗ ಕೇಳುಗರು ಮುಜುಗರಪಟ್ಟರು. ಪೂಜೆ ಮುಗಿದ ಮೇಲೆ ಕೆಲವರು ಬಂದು, ಸ್ವಾಮಿ, ನೆರೆಯ ಹಿಂದೂಗಳು ಕೇಳಿದ್ದರೆ ನಮ್ಮ ಮಾನ ಉಳಿಯುತ್ತಿರಲಿಲ್ಲ, ಇನ್ನೊಮ್ಮೆ ಈ ಸಾಮತಿಯನ್ನು ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಬೇಕು ಎಂದು ವಿನಂತಿಸಿಕೊಂಡರಂತೆ.

ಈ ಅನುಭವ ದುಬಾಯ್ ಅವರನ್ನು ನಿರಾಶೆಗೆ ದೂಡಿತು. ಬೈಬಲನ್ನು ಈ ದೇಶದ ಭಾಷೆಗಳಿಗೆ ತಿರುಗಿಸಿ ಹಂಚುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ವಾದಿಸಿದರು. ಅವರ ಮಾತು ನಡೆಯಲಿಲ್ಲ. 1831ರ ವೇಳೆಗೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಸಂಪೂರ್ಣ ಕನ್ನಡ ಬೈಬಲ್ ಸಿದ್ಧವಾಯಿತು. ಕರುವನ್ನು ಕುರಿಮರಿ ಮಾಡಿರೆಂದು ಕೇಳಿದ ಆ ಭಕ್ತರನ್ನು ದುಬಾಯ್ ತಪ್ಪಾಗಿ ತಿಳಿದರೆಂದೇ ನನ್ನ ಅಭಿಪ್ರಾಯ. ಅವರು ವಾಕ್ಯವನ್ನು ನಿರಾಕರಿಸಲಿಲ್ಲ. ನಾಳೆ ಬೆಳಿಗ್ಗೆ ನೆರೆಮನೆಯವರ ಮುಂದೆ ಅದನ್ನು ಹೇಗೆ ಹೊತ್ತು ತಿರುಗುವುದೆಂದು ಯೋಚಿಸಿದರು. ವಾಕ್ಯವನ್ನು ಬಾಳಿಗೆ ಅನ್ವಯಿಸುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ. ದುಬಾಯ್ ಅವರಾದರೂ ಬಾಯಿಂದ ಹೇಳಲಾಗದೆಂದು ಭಾವಿಸಿದ್ದನ್ನು ಕೈಯಿಂದ ಮಾಡಿ ತೋರಿಸಿದರು. ಸಿಡುಬು ಊರೂರುಗಳನ್ನು ಬರಿದು ಮಾಡುತ್ತಿದ್ದ ಆ ಕಾಲದಲ್ಲಿ, 1803-04ರಲ್ಲಿ, 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದ ಕೀರ್ತಿ ಅವರದು.

ಮುಂದಿನ ಸುಮಾರು ನೂರೈವತ್ತು ವರ್ಷಗಳ ಕಾಲ ನಮ್ಮ ಹಳ್ಳಿಗಳಲ್ಲಿ ವಾಕ್ಯ ಉಳಿದದ್ದು ಕಿವಿಯ ಮೂಲಕ. ಬಲಿಪೂಜೆ ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳು ಕುದುರೆಯ ಮೇಲೋ ಗಾಡಿಯಲ್ಲೋ ದೂರದ ಊರುಗಳಿಗೆ ಬರುವುದು ವರ್ಷಕ್ಕೆ ಕೆಲವೇ ಬಾರಿ. ಮಿಕ್ಕ ದಿನಗಳಲ್ಲಿ ಜ್ಞಾನೋಪದೇಶ ಹೇಳುವುದು, ಜಪ ನಡೆಸುವುದು, ಸಾಯುವವರ ಬಳಿ ಕೂತು ಪ್ರಾರ್ಥಿಸುವುದು ಎಲ್ಲವೂ ಉಪದೇಶಿಗಳ ಹೊಣೆ. ಈ ಉಪದೇಶಿಗಳ ಚರಿತ್ರೆಯನ್ನು ಯಾರೂ ಸರಿಯಾಗಿ ಬರೆದಿಲ್ಲವೆಂಬ ವ್ಯಥೆ ನನಗಿದೆ.

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಬಿತ್ತುವವನ ಸಾಮತಿಯನ್ನು ಆಕೆ ಹೇಳುತ್ತಿದ್ದ ಕ್ರಮ ಯಾವ ಪ್ರಬೋಧನೆಯಲ್ಲಿಯೂ ನಾನು ಕೇಳಿದ್ದಲ್ಲ. ನಮ್ಮ ಕಡೆ ರಾಗಿಯನ್ನು ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುತ್ತಾರೆ. ಸಾಮತಿಯ ಬೇಸಾಯಗಾರನಾದರೋ ಕೈಯಿಂದ ಚೆಲ್ಲುತ್ತಾನೆ. ಕಾಳು ದಾರಿಯ ಮೇಲೆ, ಕಲ್ಲಿನ ಮೇಲೆ, ಮುಳ್ಳಿನೊಳಗೆ ಬೀಳುತ್ತದೆ. ಇದನ್ನು ಕೇಳಿದ ರೈತ ಇವನೆಂಥ ಬೇಜವಾಬ್ದಾರಿ ಒಕ್ಕಲಿಗನೆಂದು ನಗುವುದು ಸಹಜ. ಅಜ್ಜಿ ಅದನ್ನು ಹುರುಳಿಗೆ ತಿರುಗಿಸುತ್ತಿದ್ದಳು. ಹಿಂಗಾರಿನ ಹುರುಳಿಯನ್ನು ಚೆಲ್ಲಿಯೇ ಬಿತ್ತಬೇಕು, ಅದಕ್ಕೆ ಒಳ್ಳೆಯ ನೆಲ ಕೆಟ್ಟ ನೆಲವೆಂಬ ಭೇದವಿಲ್ಲ, ದೇವರು ಕೂರಿಗೆಯವನಲ್ಲ, ಹುರುಳಿ ಚೆಲ್ಲುವವನು ಎಂಬುದು ಆಕೆಯ ವ್ಯಾಖ್ಯಾನ. ಹನೂರಿನ ಕಲ್ಲುಭೂಮಿಯಲ್ಲಿ ಬೇಸಾಯ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು, ಹಕ್ಕಲಿನ ಮಾತು. ಕುಯ್ಲಾದ ಹೊಲದಲ್ಲಿ ಉದುರಿದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆಯಿದೆ; ವಿಧವೆಯಾದ ರೂತಳು ಬೆತ್ಲೆಹೇಮಿನಲ್ಲಿ ಆಯ್ದದ್ದು ಇಂಥ ಹಕ್ಕಲನ್ನೇ. ನಮ್ಮವರು ಆ ಗ್ರಂಥವನ್ನು ಓದುವ ಮೊದಲೇ ಆ ಕಟ್ಟಳೆಯನ್ನು ತಿಳಿದಿದ್ದರು. ಈಗ ಯಂತ್ರದ ಕುಯ್ಲಿನಲ್ಲಿ ಹಕ್ಕಲು ಉಳಿಯುವುದು ಕಡಮೆ. ಹಕ್ಕಲು ಆಯುತ್ತಿದ್ದ ಕುಟುಂಬಗಳ ಮಕ್ಕಳು ಕೂಲಿಗಾಗಿ ಬೆಂಗಳೂರಿಗೋ ತಿರುಪ್ಪೂರಿಗೋ ಕೊಡಗಿನ ಕಾಫಿ ತೋಟಗಳಿಗೋ ಹೋಗುತ್ತಾರೆ.

ಎರಡನೆಯ ವ್ಯಾಟಿಕನ್ ಮಹಾಸಭೆ ಈ ಸ್ಥಿತಿಯನ್ನು ಬದಲಿಸಿತು. 1963ರ ಡಿಸೆಂಬರ್ 4ರ ನಿರ್ಣಯದಿಂದ ಆರಾಧನೆಯಲ್ಲಿ ಜನರ ಭಾಷೆಗೆ ಸ್ಥಾನ ದೊರೆಯಿತು. 1965ರ ನವೆಂಬರ್ 18ರಂದು ಹೊರಬಿದ್ದ ದೈವಪ್ರಕಟಣೆಯ ಶಾಸನ ಪವಿತ್ರಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ತೆರೆದಿರಬೇಕೆಂದು ಸಾರಿತು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರದಲ್ಲಿ ಫಾದರ್ ಅಮಲೋರ್ಪವದಾಸ್ ಅವರು, ವಾಕ್ಯವನ್ನು ಈ ನೆಲದ ಬದುಕಿನೊಡನೆ ಇಟ್ಟು ಓದುವುದನ್ನು ಒಂದು ಪೀಳಿಗೆಗೆ ಕಲಿಸಿದರು. ಮೈಸೂರಿನ ಅಂಜಲಿ ಆಶ್ರಮವೂ ಅವರದೇ ಸ್ಥಾಪನೆ. 1969ರ ಆಗಮನಕಾಲದಿಂದ ಮೂರು ವರ್ಷಗಳ ವಾಚನಕ್ರಮ ಜಾರಿಗೆ ಬಂದು, ಹಿಂದೆ ನಾವು ಕೇಳಿರದ ಎಷ್ಟೋ ಭಾಗಗಳು ಭಾನುವಾರದ ಪೂಜೆಯಲ್ಲಿ ಕೇಳಿಸತೊಡಗಿದವು. ವಾಚಿಸಲು ಶ್ರೀಸಾಮಾನ್ಯರೇ ಮುಂದೆ ಬಂದರು. ಮೊದಮೊದಲು ಪ್ರವಾದಿಗಳ ಹೆಸರುಗಳು ನಾಲಗೆಗೆ ತೊಡರುತ್ತಿದ್ದುದನ್ನು ಹಿರಿಯರು ಬಲ್ಲರು.

ಈ ವಾಚನಕ್ರಮದಲ್ಲಿ ಮೂರು ವರ್ಷಕ್ಕೊಮ್ಮೆ ಕ್ರಿಸ್ತರಾಜರ ಮಹೋತ್ಸವದಂದು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಕೊನೆಯ ಭಾಗ ಬರುತ್ತದೆ. ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಾಳುಗಳು: ಈ ಆರು ಬಗೆಯ ಜನರಿಗೆ ಮಾಡಿದ್ದು ತನಗೇ ಮಾಡಿದಂತೆ ಎಂದು ನ್ಯಾಯಾಧೀಶನಾದ ಅರಸ ಹೇಳುತ್ತಾನೆ. ನಮ್ಮ ಮೂರು ತಾಲ್ಲೂಕುಗಳ ಕ್ರೈಸ್ತ ಜೀವನವನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ನನಗೆ ತಿಳಿಯದು.

ರೋಗಿಗಳ ವಿಷಯದಲ್ಲಿ ನಾವು ತಲೆ ಎತ್ತಿ ನಿಲ್ಲಬಹುದು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಲ್ಲಿ ಧರ್ಮಭಗಿನಿಯರು ಮಾಡಿರುವ ಸೇವೆಯನ್ನು ಈ ಭಾಗದ ಎಲ್ಲ ಮತಗಳವರೂ ಬಲ್ಲರು. ಆದರೆ ಇದರಲ್ಲಿ ನಮಗೊಬ್ಬರಿಗೇ ಪಾಲಿಲ್ಲವೆಂಬುದನ್ನೂ ಒಪ್ಪಬೇಕು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು ಸ್ವಾಮಿ ವಿವೇಕಾನಂದರ ಆದರ್ಶದಿಂದ ಪ್ರೇರಿತರಾಗಿ, 1981ರಲ್ಲಿ ಸ್ಥಾಪಿಸಿದ ಗಿರಿಜನ ಕಲ್ಯಾಣ ಕೇಂದ್ರದ ಮೂಲಕ ಸೋಲಿಗರ ಆರೋಗ್ಯಕ್ಕೂ ಶಿಕ್ಷಣಕ್ಕೂ ದುಡಿದರು. ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದವನನ್ನು ಎತ್ತಿಕೊಂಡವನು ಯಾಜಕನಲ್ಲ, ಲೇವಿಯನಲ್ಲ, ಬೇರೆ ಜನಾಂಗದ ಸಮಾರ್ಯದವನು. ಆ ಸಾಮತಿಯನ್ನು ಓದುವಾಗ ನಾವು ಸಮಾರ್ಯದವನ ಸ್ಥಾನದಲ್ಲಿ ನಮ್ಮನ್ನೇ ಇರಿಸಿಕೊಳ್ಳುತ್ತೇವೆ. ಬಿಳಿಗಿರಿಯ ಕಡೆ ನೋಡಿದಾಗ ಆ ಧೈರ್ಯ ನನಗೆ ಸಾಲದು.

ಉಳಿದದ್ದು ಸೆರೆಯಾಳುಗಳ ಮಾತು. ಶತಮಾನೋತ್ಸವದ ಸಂಚಿಕೆಯಲ್ಲಿ ಇದೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೂ ಇದನ್ನು ಬಿಟ್ಟು ಬರೆದ ಈ ಸೀಮೆಯ ಚರಿತ್ರೆ ಪೂರ್ಣವಾಗದು.

ಕಾಡುಗಳ್ಳ ವೀರಪ್ಪನ್‌ನ ಕಾಲದಲ್ಲಿ ನಮ್ಮ ಕಾಡಂಚಿನ ಹಳ್ಳಿಗಳು ಎರಡು ಬಂದೂಕುಗಳ ನಡುವೆ ಸಿಕ್ಕಿಕೊಂಡವು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಕೊಲೆಯಾದರು. ಗೋಪಿನಾಥಂ ಜನ ಅವರನ್ನು ಇಂದಿಗೂ ದೇವರಂತೆ ನೆನೆಯುತ್ತಾರೆ. 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು ಪೊಲೀಸರೂ ಅರಣ್ಯ ಸಿಬ್ಬಂದಿಯೂ ಸೇರಿ 22 ಮಂದಿ ಮಡಿದರು. ಅಂದು ಶುಭ ಶುಕ್ರವಾರ. ಸತ್ತವರ ಮನೆಗಳಲ್ಲಿ ಆ ದಿನದ ದುಃಖ ಇನ್ನೂ ಆರಿಲ್ಲ, ಆರಬೇಕೆಂದು ಯಾರೂ ಅಪೇಕ್ಷಿಸಲಾಗದು.

ಅನಂತರ ನಡೆದ ಬಂಧನಗಳಲ್ಲಿ ಮಾರ್ಟಳ್ಳಿಯ ಸುತ್ತಿನ ಹಳ್ಳಿಗಳ ಅನೇಕ ಬಡವರು ಟಾಡಾ ಕಾನೂನಿನಡಿ ಸೆರೆ ಸೇರಿದರು. ಅವರಲ್ಲಿ ನಮ್ಮ ಕ್ರೈಸ್ತರೂ ಇದ್ದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ನೀಡಿದಾಗ ಆರೋಪಿಗಳಲ್ಲಿ ಬಹುಪಾಲು ಮಂದಿ ಬಿಡುಗಡೆಯಾದರು, ವರ್ಷಾನುಗಟ್ಟಲೆ ಕಂಬಿಯ ಹಿಂದೆ ಕಳೆದ ಮೇಲೆ. ಶಿಕ್ಷೆಗೊಳಗಾದವರಲ್ಲಿ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನು ಮರಣದಂಡನೆಗೆ ಏರಿಸಿತು. 2013ರ ಫೆಬ್ರವರಿಯಲ್ಲಿ ಅವರ ಕ್ಷಮಾದಾನದ ಅರ್ಜಿ ತಿರಸ್ಕೃತವಾಯಿತು. 2014ರ ಜನವರಿ 21ರಂದು, ಅರ್ಜಿಯ ವಿಲೇವಾರಿಯಲ್ಲಾದ ವಿಳಂಬದ ಕಾರಣ ಅದೇ ನ್ಯಾಯಾಲಯ ಆ ದಂಡನೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಇತ್ತ ಕಾರ್ಯಾಚರಣೆಯ ಕಾಲದಲ್ಲಿ ಹಿಂಸೆಗೊಳಗಾದೆವೆಂದು ದೂರಿದ ಎರಡೂ ರಾಜ್ಯಗಳ ಹಳ್ಳಿಗರ ಅಹವಾಲನ್ನು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಆಲಿಸಿತು; 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಯಾರು ಅಪರಾಧಿ, ಯಾರು ನಿರಪರಾಧಿ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಮತ್ತಾಯನ ಆ ಭಾಗದಲ್ಲಿ ಸೆರೆಯಾಳು ನಿರಪರಾಧಿಯಾಗಿದ್ದರೆ ಮಾತ್ರ ಹೋಗಿ ನೋಡಬೇಕೆಂಬ ನಿಬಂಧನೆ ಇಲ್ಲ. ಕ್ರಿಸ್ತರು ಪ್ರಾಣಬಿಟ್ಟದ್ದೂ ಇಬ್ಬರು ದಂಡಿತರ ನಡುವೆ. ಅವರಲ್ಲೊಬ್ಬನು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡವನು, ಪರಂಧಾಮದ ವಾಗ್ದಾನ ದೊರೆತದ್ದು ಅವನಿಗೆ. ಮರಣದಂಡನೆಯ ಆ ನಾಲ್ವರನ್ನು ಇರಿಸಿದ್ದ ಬೆಳಗಾವಿಯ ಹಿಂಡಲಗಾ ಸೆರೆಮನೆ ನಮ್ಮ ಹಳ್ಳಿಗಳಿಂದ ಆರುನೂರು ಕಿಲೋಮೀಟರಿಗೂ ದೂರ. ಕೂಲಿ ಮಾಡಿ ಬಾಳುವ ಒಬ್ಬ ತಾಯಿಗೆ, ಒಬ್ಬ ಹೆಂಡತಿಗೆ ಆ ಪ್ರಯಾಣವೆಂದರೆ ಹಲವು ದಿನಗಳ ದುಡಿಮೆ ಹೋಯಿತೆಂದೇ ಅರ್ಥ. ಆ ವರ್ಷಗಳಲ್ಲಿಯೂ ಕ್ರಿಸ್ತರಾಜರ ಮಹೋತ್ಸವಗಳು ಬಂದವು, ಮತ್ತಾಯನ ಅದೇ ಭಾಗ ವಾಚನವಾಯಿತು, ನಾನೂ ಕೇಳಿದೆ. ಸೆರೆಯಾಳುಗಳ ಮಾತು ಬಂದಾಗ ನನಗೆ ನೆನಪಾದದ್ದು ರೋಮಿನ ಪೇತ್ರ, ಪೌಲರು. ಹಿಂಡಲಗಾ ಒಮ್ಮೆಯೂ ನೆನಪಾಗಲಿಲ್ಲವೆಂದು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ದೇವಾಲಯಕ್ಕೆ ಗಂಟೆ, ಪ್ರತಿಮೆ, ಬೆಂಚುಗಳನ್ನು ಕೊಟ್ಟ ದಾನಿಗಳ ಹೆಸರುಗಳಿವೆ, ಇರಬೇಕಾದ್ದೇ. ಉಪದೇಶಿಗಳ ಹಳೆಯ ಜ್ಞಾನೋಪದೇಶದ ಪುಸ್ತಕಗಳು, ಅಜ್ಜಿಯರು ಹೇಳುತ್ತಿದ್ದ ಸಾಮತಿಗಳು, ಸೆರೆಮನೆಯಿಂದ ಮನೆಗೆ ಬಂದ ಅಥವಾ ಮನೆಯಿಂದ ಅಲ್ಲಿಗೆ ಹೋದ ಕಾಗದಗಳು ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ, ಕನ್ನಡದಲ್ಲಿರಲಿ ತಮಿಳಿನಲ್ಲಿರಲಿ, ದಯಮಾಡಿ ಗುರುಗಳ ನಿವಾಸಕ್ಕೆ ತಲುಪಿಸಬೇಕೆಂದು ಭಕ್ತಾದಿಗಳಲ್ಲಿ ಪ್ರಾರ್ಥಿಸುತ್ತೇನೆ. ಜ್ಞಾನಸ್ನಾನದ ದಫ್ತರದ ಪಕ್ಕದಲ್ಲಿಯೇ ಅವುಗಳಿಗೂ ಸ್ಥಳ ಮಾಡಿಕೊಡಬಹುದು.