ನೆರೆಯವರ ಪ್ರೀತಿಗೊಂದು ಸರದಿ
(ಸೆಪ್ಟೆಂಬರ್ 27: ಸಂತ ವಿನ್ಸೆಂಟ್ ದೆ ಪೌಲರ ಹಬ್ಬ)



ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವಾಗ ದೇವಾಲಯದ ಬಾಗಿಲ ಬಳಿ ಒಬ್ಬಿಬ್ಬರು ಪೆಟ್ಟಿಗೆ ಹಿಡಿದು ನಿಂತಿರುವುದನ್ನು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಕಂಡಿದ್ದೇವೆ. ಅದರ ಮೇಲೆ 'ಸಂತ ವಿನ್ಸೆಂಟ್ ದೆ ಪೌಲ್ ಸಭೆ' ಎಂದು ಬರೆದಿರುತ್ತದೆ. ಜೇಬಿಗೆ ಕೈಹಾಕಿದಾಗ ಸಿಕ್ಕಿದ್ದನ್ನು ಅದರಲ್ಲಿ ಹಾಕಿ, ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಡುತ್ತೇವೆ. ಆ ಹಣ ಯಾರ ಮನೆಗೆ ಹೋಗುತ್ತದೆ, ಯಾರು ಕೊಂಡೊಯ್ಯುತ್ತಾರೆ ಎಂದು ಕೇಳಿದವರು ಕಡಿಮೆ. ಆ ಪೆಟ್ಟಿಗೆಯ ಹಿಂದೆ ನಾನೂರು ವರ್ಷಗಳ ಒಂದು ಕಥೆಯಿದೆ. ಅದು ಶುರುವಾದದ್ದು ಹಣದಿಂದಲ್ಲ, ಹೆಚ್ಚಾಗಿ ಹೋದ ಅಡುಗೆಯಿಂದ.

ವಿನ್ಸೆಂಟರು ಹುಟ್ಟಿದ್ದು 1581ರಲ್ಲಿ, ಫ್ರಾನ್ಸ್ ದೇಶದ ನೈಋತ್ಯ ಮೂಲೆಯಲ್ಲಿ ದಾಕ್ಸ್ ಪಟ್ಟಣದ ಹತ್ತಿರದ ಪೂಯಿ ಎಂಬ ಹಳ್ಳಿಯಲ್ಲಿ. ರೈತರ ಮನೆ. ಚಿಕ್ಕಂದಿನಲ್ಲಿ ಕುರಿ, ಹಂದಿ ಕಾಯ್ದವರು. ಹುಡುಗ ಬುದ್ಧಿವಂತನೆಂದು ತಂದೆ ಅವನನ್ನು ದಾಕ್ಸ್ ಪಟ್ಟಣಕ್ಕೆ ಓದಲು ಕಳಿಸಿದರು. ಒಮ್ಮೆ ಆ ತಂದೆ ಮಗನನ್ನು ನೋಡಲು ಶಾಲೆಗೆ ಬಂದರು. ಹಳೆಯ ಬಟ್ಟೆ ತೊಟ್ಟು, ಕುಂಟುತ್ತಾ ಬಂದಿದ್ದ ಆ ರೈತನೊಡನೆ ಮಾತನಾಡಲು ಮಗನಿಗೆ ನಾಚಿಕೆಯಾಯಿತು. ಅವನು ಹೊರಗೆ ಬರಲೇ ಇಲ್ಲ. ಇದನ್ನು ವಿರೋಧಿಗಳಾರೂ ಹೇಳಿದ್ದಲ್ಲ. ಮುಪ್ಪಿನಲ್ಲಿ, ದೇಶವೆಲ್ಲ ತಮ್ಮನ್ನು ಗೌರವಿಸುತ್ತಿದ್ದ ಕಾಲದಲ್ಲಿ, ವಿನ್ಸೆಂಟರೇ ತಮ್ಮ ತಪ್ಪೆಂದು ಹೇಳಿಕೊಂಡದ್ದು. ಸಂತರ ಚರಿತ್ರೆಗಳಲ್ಲಿ ಇಂಥ ಸಂಗತಿಗಳನ್ನು ನಾವು ಬೇಗ ದಾಟಿಬಿಡುತ್ತೇವೆ. ಹಾಗೆ ದಾಟಬಾರದೆಂದು ನನಗನಿಸುತ್ತದೆ. ನೆರೆಯವರನ್ನು ಪ್ರೀತಿಸುವುದನ್ನು ಲೋಕಕ್ಕೆ ಕಲಿಸಿದ ಮನುಷ್ಯ ಮೊದಲು ಹೆತ್ತ ತಂದೆಯಿಂದಲೇ ಮುಖ ತಿರುಗಿಸಿದ್ದ.

1600ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ ಅವರಿಗೆ ಗುರುದೀಕ್ಷೆಯಾಯಿತು. ಆಗ ಅವರ ಮನಸ್ಸಿನಲ್ಲಿದ್ದದ್ದು ಬಡವರಲ್ಲ. ಒಳ್ಳೆಯ ವರಮಾನವಿರುವ ಒಂದು ಹುದ್ದೆ ಸಿಕ್ಕಿದರೆ ಊರಿಗೆ ಹೋಗಿ ಅಮ್ಮನೊಡನೆ ನೆಮ್ಮದಿಯಾಗಿ ಇರಬಹುದು ಎಂಬುದೇ ಆಸೆ. ಮುಂದೆ 1613ರಲ್ಲಿ ಪ್ಯಾರಿಸ್ಸಿನಲ್ಲಿ ಗೊಂದಿ ಎಂಬ ಶ್ರೀಮಂತ ಮನೆತನದಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಆ ಮನೆಯ ಜಮೀನುಗಳಿದ್ದ ಹಳ್ಳಿಗಳಲ್ಲಿ ತಿರುಗಾಡಿದಾಗ ಬಡ ರೈತರ ಆತ್ಮಗಳ ಸ್ಥಿತಿಯನ್ನು ಕಣ್ಣಾರೆ ಕಂಡರು. ದೊಡ್ಡ ಮನೆಯ ವಾಸ ಸಾಕೆನಿಸಿತು.

1617ರ ಆಗಸ್ಟ್ ತಿಂಗಳಿನಲ್ಲಿ ಅವರು ಲಿಯೋನ್ ನಗರದ ಕಡೆಯ ಶಾತಿಯೋಂ ಎಂಬ ಸಣ್ಣ ಪಟ್ಟಣಕ್ಕೆ ವಿಚಾರಣಾ ಗುರುಗಳಾಗಿ ಬಂದರು. ಆಗಸ್ಟ್ 20, ಭಾನುವಾರ. ಪೂಜಾವಸ್ತ್ರಗಳನ್ನು ಧರಿಸುತ್ತಿದ್ದಾಗ ಊರಿನ ಒಬ್ಬ ಹೆಂಗಸು ಬಂದು ಒಂದು ಸಮಾಚಾರ ಹೇಳಿದರು. ಪಟ್ಟಣದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಒಂದು ಒಂಟಿ ಮನೆ. ಆ ಮನೆಯವರೆಲ್ಲರೂ ಕಾಯಿಲೆಯಿಂದ ಮಲಗಿದ್ದಾರೆ. ಒಬ್ಬರಿಗೊಬ್ಬರು ನೀರು ಕೊಡಲೂ ಯಾರೂ ಎದ್ದು ನಿಲ್ಲುವಂತಿಲ್ಲ. ವಿನ್ಸೆಂಟರು ಪ್ರಬೋಧನೆಯಲ್ಲಿ ಆ ಮನೆಯವರ ವಿಷಯವನ್ನೇ ಹೇಳಿದರು. ಜನರ ಮನ ಕರಗಿತು.

ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಅವರೂ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಆ ಮನೆಯ ಕಡೆ ಹೊರಟರು. ದಾರಿಯುದ್ದಕ್ಕೂ ಹೆಂಗಸರು. ಕೆಲವರು ತಲೆಯ ಮೇಲೆ, ಕೈಯಲ್ಲಿ ಪಾತ್ರೆ ಹೊತ್ತು ಹೋಗುತ್ತಿದ್ದರು. ಕೆಲವರು ಕೊಟ್ಟು ಹಿಂದಿರುಗುತ್ತಿದ್ದರು. ಬೇಸಿಗೆಯ ಸೆಕೆ ತಾಳಲಾರದೆ ದಾರಿಯ ಬದಿಯಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದವರೂ ಇದ್ದರು. ಅಷ್ಟು ಜನರನ್ನು ನೋಡಿದರೆ ಅದೊಂದು ಮೆರವಣಿಗೆಯಂತಿತ್ತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ.

ಬೇರೆ ಗುರುಗಳಾಗಿದ್ದರೆ, ತಮ್ಮ ಪ್ರಬೋಧನೆಗೆ ಇಷ್ಟು ಫಲ ಸಿಕ್ಕಿತಲ್ಲ ಎಂದು ಸಂತೋಷಪಟ್ಟು ಸುಮ್ಮನಾಗುತ್ತಿದ್ದರೇನೋ. (ಪ್ರಬೋಧನೆ ಮಾಡುವವರಿಗೆ ಈ ಶೋಧನೆ ಎಷ್ಟು ದೊಡ್ಡದೆಂದು ಗೊತ್ತು.) ವಿನ್ಸೆಂಟರಿಗೆ ಕಂಡದ್ದು ಬೇರೆ. ಈ ದಿನ ಈ ಮನೆಗೆ ಬಂದಿರುವ ರೊಟ್ಟಿ, ಮಾಂಸ ಎಲ್ಲವನ್ನೂ ಕಾಯಿಲೆಯವರು ತಿಂದು ಮುಗಿಸಲಾರರು. ಒಂದಷ್ಟು ಕೆಟ್ಟುಹೋಗುತ್ತದೆ. ನಾಳಿದ್ದು ಯಾರೂ ಬರುವುದಿಲ್ಲ. ಆಗ ಅದೇ ಹಸಿವು, ಅದೇ ಒಂಟಿತನ. ಪ್ರೀತಿ ಬೇಕಾದಷ್ಟಿದೆ, ಆದರೆ ಅದಕ್ಕೊಂದು ಕ್ರಮವಿಲ್ಲ.

ಇದು ನಮಗೆ ತಿಳಿಯದ ವಿಷಯವೇನಲ್ಲ. ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಮೊದಲ ಎರಡು ದಿನ ಮಂಚದ ಪಕ್ಕದ ಮೇಜಿನಲ್ಲಿ ಜಾಗ ಸಾಲದು. ಬ್ರೆಡ್ಡು, ಮೋಸಂಬಿ, ಎಳನೀರು, ಬಿಸ್ಕತ್ತು. ಮೂರನೆಯ ವಾರ, ರೋಗಿ ಮನೆಗೆ ಬಂದು ಗೋಡೆ ಹಿಡಿದು ನಡೆಯುವ ಹೊತ್ತಿಗೆ, ಬಾಗಿಲು ತಟ್ಟುವವರಿಲ್ಲ. ಸಾವಿನ ಮನೆಯಲ್ಲೂ ಅಷ್ಟೇ. ಮಣ್ಣು ಮಾಡಿದ ದಿನ ಅಂಗಳ ತುಂಬ ಜನ. ತಿಂಗಳ ಪೂಜೆ ಕಳೆದ ಮೇಲೆ ಆ ವಿಧವೆ ಒಲೆ ಹಚ್ಚಿದಳೋ ಇಲ್ಲವೋ ನೋಡಿದವರಾರು? ನಮ್ಮ ಜನ ಕಲ್ಲು ಮನಸ್ಸಿನವರೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಒಂದೇ ದಿನ ಬರುತ್ತೇವೆ, ಎಲ್ಲರೂ ಒಂದೇ ದಿನ ಮರೆಯುತ್ತೇವೆ.

ಮೂರು ದಿನಗಳ ನಂತರ, ಆಗಸ್ಟ್ 23ರಂದು, ವಿನ್ಸೆಂಟರು ಆ ಹೆಂಗಸರಲ್ಲಿ ಕೆಲವರನ್ನು ಕೂಡಿಸಿದರು. ಸರದಿ ಗೊತ್ತುಮಾಡಿದರು: ಒಂದು ದಿನಕ್ಕೆ ಒಬ್ಬರು ಅಡುಗೆ ಮಾಡಿ ಒಯ್ಯಬೇಕು, ಆ ಒಂದು ಮನೆಗೆ ಮಾತ್ರವಲ್ಲ, ಊರಿನಲ್ಲಿ ಮುಂದೆ ಯಾವ ಬಡವರು ಕಾಯಿಲೆ ಬಿದ್ದರೂ ಅವರಿಗೆ. ನವೆಂಬರ್ 24ರಂದು ಇದರ ನಿಯಮಾವಳಿಗೆ ಧರ್ಮಾಧಿಕಾರಿಗಳ ಒಪ್ಪಿಗೆ ದೊರೆಯಿತು. ಡಿಸೆಂಬರ್ 8ರಂದು, ಮಾತೆ ಮರಿಯಮ್ಮನವರ ಹಬ್ಬದ ದಿನ, 'ದಯಾಸಂಘ' ವಿಧಿವತ್ತಾಗಿ ಸ್ಥಾಪನೆಯಾಯಿತು.

ಆ ನಿಯಮಾವಳಿಯನ್ನು ಓದಿದರೆ ಆಶ್ಚರ್ಯವಾಗುತ್ತದೆ. ಅದರಲ್ಲಿ ದೈವಶಾಸ್ತ್ರದ ದೊಡ್ಡ ಮಾತುಗಳಿಗಿಂತ ಅಡುಗೆಮನೆಯ ಮಾತುಗಳೇ ಹೆಚ್ಚು. ರೋಗಿಗೆ ಬೇಕಾದಷ್ಟು ರೊಟ್ಟಿ, ಐದು ಔನ್ಸ್, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 150 ಗ್ರಾಂ ಕರುವಿನ ಅಥವಾ ಕುರಿಯ ಮಾಂಸ, ಒಂದು ಬಟ್ಟಲು ಸೂಪು, ಸ್ವಲ್ಪ ದ್ರಾಕ್ಷಾರಸ. ಮಾಂಸ ತಿನ್ನದ ದಿನಗಳಲ್ಲಿ ಒಂದೆರಡು ಮೊಟ್ಟೆ, ಒಂದಿಷ್ಟು ಬೆಣ್ಣೆ. ಅಗಿಯಲಾರದಷ್ಟು ನಿತ್ರಾಣರಾದವರಿಗೆ ತಿಳಿಸಾರು, ಎಳೆಯಾಗಿ ಬೇಯಿಸಿದ ಮೊಟ್ಟೆ, ದಿನಕ್ಕೆ ಮೂರು ನಾಲ್ಕು ಸಲ.

ಬಡಿಸುವ ಬಗೆಯನ್ನೂ ಹೇಳಿದೆ. ಮನೆಯೊಳಗೆ ಬಂದವಳು ಮೊದಲು ನಗುಮೊಗದಿಂದ ರೋಗಿಯನ್ನು ಮಾತನಾಡಿಸಬೇಕು. ಹಾಸಿಗೆಯ ಮೇಲೆ ಸಣ್ಣ ಹಲಗೆಯಿಟ್ಟು, ಅದರ ಮೇಲೆ ಬಟ್ಟೆ ಹಾಸಿ, ಲೋಟ, ಚಮಚ, ರೊಟ್ಟಿ ಇಡಬೇಕು. ರೋಗಿಯ ಕೈ ತೊಳೆಸಬೇಕು. ಊಟದ ಪ್ರಾರ್ಥನೆ ಹೇಳಿ ಆಮೇಲೆ ಬಡಿಸಬೇಕು. ಹೆತ್ತ ಮಗನಿಗೆ ಉಣಿಸುವಂತೆ, ಅಲ್ಲ, ದೇವರಿಗೇ ಉಣಿಸುವಂತೆ ಒತ್ತಾಯಿಸಿ ಉಣಿಸಬೇಕು. ಬೇಕಾದರೆ ಮಾಂಸವನ್ನು ತುಂಡು ಮಾಡಿಕೊಡಬೇಕು. ದುಃಖದಲ್ಲಿದ್ದರೆ ಒಂದು ಒಳ್ಳೆಯ ಮಾತು ಆಡಬೇಕು.

ಇಷ್ಟಾದ ಮೇಲೆ ಬರುವ ಒಂದು ಸೂಚನೆ ನನಗೆ ಇಡೀ ನಿಯಮಾವಳಿಯ ಹೃದಯವಾಗಿ ಕಾಣುತ್ತದೆ. ಆ ದಿನ ಹೋಗಬೇಕಾದ ಮನೆಗಳಲ್ಲಿ, ನೋಡಿಕೊಳ್ಳಲು ಯಾರಾದರೂ ಇರುವ ರೋಗಿಯ ಮನೆಗೆ ಮೊದಲು ಹೋಗಬೇಕು. ಯಾರೂ ಇಲ್ಲದವರ ಮನೆಗೆ ಕೊನೆಗೆ ಹೋಗಬೇಕು. ಓದಿದ ಕೂಡಲೇ ತಿರುಗುಮುರುಗು ಎನಿಸುತ್ತದೆ. ಯಾರೂ ಇಲ್ಲದವರಿಗಲ್ಲವೇ ಮೊದಲು? ಕಾರಣವನ್ನೂ ಅಲ್ಲೇ ಕೊಟ್ಟಿದ್ದಾರೆ: ಕೊನೆಯ ಮನೆಯಾದರೆ ಮುಂದೆ ಓಡಬೇಕಾದ ಅವಸರವಿಲ್ಲ, ಅವರ ಬಳಿ ಹೆಚ್ಚು ಹೊತ್ತು ಕುಳಿತುಕೊಳ್ಳಬಹುದು. ಒಂಟಿಯಾಗಿ ಮಲಗಿದವರಿಗೆ ಸೂಪಿನಷ್ಟೇ ಮಾತೂ ಬೇಕೆಂದು ತಿಳಿದವರು ಮಾತ್ರ ಹೀಗೆ ಬರೆಯಬಲ್ಲರು.

ರೋಗಿ ತೀರಿಕೊಂಡರೂ ಸಂಘದ ಕೆಲಸ ಮುಗಿಯುತ್ತಿರಲಿಲ್ಲ. ತಾವು ಆರೈಕೆ ಮಾಡಿದವರ ಶವಸಂಸ್ಕಾರಕ್ಕೆ ಆ ಹೆಂಗಸರು ಹೋಗಬೇಕು, ಮಗುವನ್ನು ಸಮಾಧಿಯವರೆಗೆ ಕಳಿಸಿಕೊಡುವ ತಾಯಿಯ ಸ್ಥಾನದಲ್ಲಿ.

ಲೂಕನ ಶುಭಸಂದೇಶದ ಸಮಾರಿಯದವನ ಸಾಮತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾವು ಅವನು ಎಣ್ಣೆ, ದ್ರಾಕ್ಷಾರಸ ಹಚ್ಚಿ ಗಾಯ ಕಟ್ಟಿದ್ದನ್ನು ನೆನೆಯುತ್ತೇವೆ. ಮರುದಿನ ಅವನು ಛತ್ರದವನಿಗೆ ಎರಡು ಬೆಳ್ಳಿನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ಕೊಡುತ್ತೇನೆ ಎಂದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಮರುದಿನದ ಲೆಕ್ಕವೂ ಅವನ ದಯೆಯಲ್ಲಿ ಸೇರಿತ್ತು.

ವಿನ್ಸೆಂಟರು ಶಾತಿಯೋಂನಲ್ಲಿ ಇದ್ದದ್ದು ಕೆಲವೇ ತಿಂಗಳು. ಗೊಂದಿ ಮನೆಯವರ ಒತ್ತಾಯಕ್ಕೆ ಮಣಿದು ಡಿಸೆಂಬರ್ ಕೊನೆಗೆ ಪ್ಯಾರಿಸ್ಸಿಗೆ ಮರಳಿದರು. ಸಂಘ ನಿಲ್ಲಲಿಲ್ಲ, ಬೇರೆ ಹಳ್ಳಿ ಪಟ್ಟಣಗಳಿಗೆ ಹರಡಿತು. ಗಂಡಸರ ಸಂಘಗಳನ್ನೂ, ಗಂಡಸರು ಹೆಂಗಸರು ಕೂಡಿದ ಸಂಘಗಳನ್ನೂ ಮಾಡಿ ನೋಡಿದರು. ಕೂಡಿದ ಸಂಘಗಳು ನಡೆಯಲಿಲ್ಲ. ಗಂಡಸರು ಎಲ್ಲವನ್ನೂ ತಮ್ಮ ಕೈಗೆ ತೆಗೆದುಕೊಳ್ಳಲು ನೋಡುತ್ತಾರೆ, ಹೆಂಗಸರು ಅದನ್ನು ಸಹಿಸುವುದಿಲ್ಲ ಎಂದು ಮುಂದೆ ತಮ್ಮ ಸಂಗಡಿಗ ಗುರುವೊಬ್ಬರಿಗೆ ಅವರು ಪತ್ರದಲ್ಲಿ ತಿಳಿಸಿದರು. ಹಣದ ಲೆಕ್ಕದಲ್ಲಿ ಹೆಂಗಸರ ಮೇಲೆ ತಪ್ಪು ಹೊರಿಸುವಂತಿಲ್ಲ, ಅಷ್ಟು ಜಾಗ್ರತೆ ಎಂದೂ ಸೇರಿಸಿದರು. ನಮ್ಮ ಧರ್ಮಕೇಂದ್ರಗಳ ಸಮಿತಿಗಳಲ್ಲಿ ಕುಳಿತವರಿಗೆ ಇದು ಹಳೆಯ ಸುದ್ದಿ ಎನಿಸಲಿಕ್ಕಿಲ್ಲ.

ಪ್ಯಾರಿಸ್ಸಿನಲ್ಲಿ ಬೇರೊಂದು ತೊಡಕು ಕಾದಿತ್ತು. ಅಲ್ಲಿ ಸಂಘಕ್ಕೆ ಸೇರಿದವರಲ್ಲಿ ಸಿರಿವಂತ ಮನೆತನದ ಹೆಂಗಸರು ಬಹಳ. ಉತ್ಸಾಹದಿಂದ ಸೇರಿದರು, ಧಾರಾಳವಾಗಿ ಹಣ ಕೊಟ್ಟರು. ಆದರೆ ಸೂಪಿನ ಪಾತ್ರೆ ಹಿಡಿದು, ನಾಲ್ಕು ಮಹಡಿ ಹತ್ತಿ, ನಾರುವ ಕೋಣೆಗೆ ಹೋಗುವ ಸರದಿ ಬಂದಾಗ ಮನೆಯ ಆಳುಗಳನ್ನು ಕಳಿಸತೊಡಗಿದರು. ಊಟ ತಲುಪುತ್ತಿತ್ತು, ಊಟದ ಜೊತೆ ಹೋಗಬೇಕಾದವರು ತಲುಪುತ್ತಿರಲಿಲ್ಲ. ಅವರನ್ನು ಹಳಿಯುವ ಮೊದಲು ನಾನು ನನ್ನನ್ನೇ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ಐನೂರು ರೂಪಾಯಿ ಕಳಿಸಿ, ನೆರೆಮನೆಯ ಮುದುಕರ ಬಾಗಿಲನ್ನು ದಾಟಿ ಹೋದ ದಿನಗಳು ನನ್ನ ಲೆಕ್ಕದಲ್ಲಿ ಕಡಿಮೆಯಿಲ್ಲ.

ಈ ತೊಡಕಿಗೆ ಉತ್ತರವಾಗಿ ಬಂದವಳು ದನ ಕಾಯುವ ಒಬ್ಬ ಹೆಣ್ಣುಮಗಳು. ಸುರೆನ್ ಎಂಬ ಊರಿನ ಮಾರ್ಗರಿತ್ ನಾಸೊ. ಶಾಲೆಗೆ ಹೋದವಳಲ್ಲ. ಅಕ್ಷರಮಾಲೆಯ ಪುಸ್ತಕವೊಂದನ್ನು ಕೊಂಡು, ದನ ಮೇಯಿಸುತ್ತಾ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಇದು ಯಾವ ಅಕ್ಷರ, ಈ ಪದ ಏನು ಎಂದು ಕೇಳಿ ಓದಲು ಕಲಿತಳು. ಕಲಿತದ್ದನ್ನು ಬೇರೆ ಹುಡುಗಿಯರಿಗೆ ಕಲಿಸಿದಳು. 1630ರ ಸುಮಾರಿಗೆ ವಿನ್ಸೆಂಟರ ಬಳಿ ಬಂದು, ರೋಗಿಗಳ ಸೇವೆಗೆ ನಾನು ಹೋಗುತ್ತೇನೆ ಎಂದಳು. 1633ರಲ್ಲಿ ಪ್ಲೇಗು ತಗುಲಿದ್ದ ಒಬ್ಬ ಬಡ ಹುಡುಗಿಯನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡಳು. ತನಗೂ ಅದು ಅಂಟಿ ತೀರಿಕೊಂಡಳು. ಅದೇ ವರ್ಷ ನವೆಂಬರ್ 29ರಂದು ಲೂಯಿಸ್ ದೆ ಮಾರಿಯಾಕ್ ಎಂಬ ವಿಧವೆ ಅವಳಂಥ ಕೆಲವು ಹಳ್ಳಿಯ ಹುಡುಗಿಯರನ್ನು ತಮ್ಮ ಮನೆಯಲ್ಲಿ ಕೂಡಿಸಿದರು. ಅವರೇ 'ದಯೆಯ ಪುತ್ರಿಯರು'. ಆ ಕಾಲದಲ್ಲಿ ಧರ್ಮಭಗಿನಿಯರೆಂದರೆ ಮಠದ ಗೋಡೆಯೊಳಗೆ ಇರುವವರು. ಇವರಿಗೆ ಮಾತ್ರ ರೋಗಿಗಳ ಮನೆಯೇ ಮಠ, ಊರಿನ ಬೀದಿಗಳೇ ಪ್ರಾಕಾರ ಎಂದು ವಿನ್ಸೆಂಟರು ತಿಳಿಹೇಳಿದರು.

ಹಡಗಿನಲ್ಲಿ ಹುಟ್ಟುಹಾಕುವ ಶಿಕ್ಷೆಗೊಳಗಾದ ಕೈದಿಯೊಬ್ಬನ ಸರಪಳಿಯನ್ನು ವಿನ್ಸೆಂಟರು ತಾವೇ ತೊಟ್ಟು ಅವನನ್ನು ಬಿಡಿಸಿದರೆಂಬ ಕಥೆ ಹಳೆಯ ಪುಸ್ತಕಗಳಲ್ಲಿದೆ. ಅಂಥ ಕೈದಿಗಳ ಗುರುಗಳಾಗಿ 1619ರಿಂದ ಅವರು ದುಡಿದದ್ದು ನಿಜ. ಸರಪಳಿಯ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ನಮಗೆ ಆ ಕಥೆಯ ಅಗತ್ಯವೂ ಇಲ್ಲವೆಂದು ತೋರುತ್ತದೆ. ಸರಪಳಿ ತೊಡುವ ಅವಕಾಶ ಯಾರಿಗೂ ದಿನವೂ ಬರುವುದಿಲ್ಲ, ಪಕ್ಕದ ಮನೆಯಲ್ಲಿ ಜ್ವರ ಬರುತ್ತದೆ.

ವಿನ್ಸೆಂಟರು 1660ರ ಸೆಪ್ಟೆಂಬರ್ 27ರಂದು ತೀರಿಕೊಂಡರು. 1737ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಹಾಗಾದರೆ ನಮ್ಮ ದೇವಾಲಯದ ಬಾಗಿಲ ಪೆಟ್ಟಿಗೆ? ಅದು ಇನ್ನೂ ನೂರು ವರ್ಷಗಳ ನಂತರದ್ದು. ಪ್ಯಾರಿಸ್ಸಿನ ಕೆಲವು ಕಥೋಲಿಕ ವಿದ್ಯಾರ್ಥಿಗಳು ಒಂದು ಚರ್ಚಾಕೂಟದಲ್ಲಿ ಧರ್ಮಸಭೆಯ ಹಿಂದಿನ ಸತ್ಕಾರ್ಯಗಳನ್ನು ಹೊಗಳುತ್ತಿದ್ದಾಗ, ಎದುರು ಪಕ್ಷದವರು ಅದೆಲ್ಲ ಸರಿ, ಈಗ ನೀವು ಮಾಡುತ್ತಿರುವುದೇನು ಎಂದು ಕೇಳಿದರು. ಹಿಂದಿನ ವರ್ಷವಷ್ಟೇ, 1832ರಲ್ಲಿ, ಆ ನಗರದಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತಿದ್ದರು. ಪ್ರಶ್ನೆ ನಾಟಿತು. 1833ರ ಏಪ್ರಿಲ್ 23ರಂದು ಫ್ರೆಡ್ರಿಕ್ ಒಜಾನಾಂ ಮತ್ತು ಅವರ ಗೆಳೆಯರು ಮೊದಲ ಸಭೆ ಸೇರಿದರು. ಅಂದು ಒಜಾನಾಂರಿಗೆ ಇಪ್ಪತ್ತು ವರ್ಷ ತುಂಬಿತ್ತು.

ಉತ್ಸಾಹವಿತ್ತು, ದಾರಿ ಗೊತ್ತಿರಲಿಲ್ಲ. ಬಡವರ ಬೀದಿಯಾದ ಮೂಫ್ತಾರಿನಲ್ಲಿ ಸೇವೆ ಮಾಡುತ್ತಿದ್ದ ರೋಸಲಿ ರಾಂದ್ಯು ಎಂಬ ಭಗಿನಿಯನ್ನು ಅವರು ಹುಡುಕಿಕೊಂಡು ಹೋದರು. ಅವರು ಮಾರ್ಗರಿತಳ ಸಾಲಿನ ದಯೆಯ ಪುತ್ರಿ. ಯಾವ ಮನೆಗಳಿಗೆ ಹೋಗಬೇಕೆಂದು ಪಟ್ಟಿ ಕೊಟ್ಟರು. ರೊಟ್ಟಿ, ಕಲ್ಲಿದ್ದಲು ಪಡೆಯುವ ಚೀಟಿಗಳನ್ನು ಕೊಟ್ಟರು. ಹೋದಲ್ಲಿ ತಾಳ್ಮೆಯಿಂದ ಕುಳಿತು ಅವರ ಮಾತು ಕೇಳಿಸಿಕೊಳ್ಳಿ ಎಂದು ಹೇಳಿಕೊಟ್ಟರು. 1997ರಲ್ಲಿ ಒಜಾನಾಂರನ್ನೂ, 2003ರಲ್ಲಿ ರೋಸಲಿಯವರನ್ನೂ ಜಗದ್ಗುರು ಎರಡನೇ ಜಾನ್ ಪೌಲರು ಧನ್ಯರ ಸಾಲಿಗೆ ಸೇರಿಸಿದರು.

ಆ ಚರ್ಚೆಯ ನಂತರ ಒಜಾನಾಂ ಮತ್ತು ಒಬ್ಬ ಗೆಳೆಯ ಮೊದಲು ಮಾಡಿದ್ದು ಇಷ್ಟೇ ಎಂದು ಹೇಳುತ್ತಾರೆ: ತಮ್ಮ ಕೋಣೆಯಲ್ಲಿ ಚಳಿಗಾಲಕ್ಕೆಂದು ತಂದು ಉಳಿದಿದ್ದ ಸೌದೆಯನ್ನು, ಆಳಿನ ಕೈಯಲ್ಲಿ ಕಳಿಸದೆ, ತಾವೇ ಹೊತ್ತುಕೊಂಡು ಹೋಗಿ ಒಬ್ಬ ಬಡವನ ಮನೆಗೆ ಕೊಟ್ಟು ಬಂದರು.