ಮೊರ್ಮುರೊಸ್: ಕಡಲಿನಿಂದ ನೈಲ್‌ಗೆ ಬಂದ ಹೆಸರು

ತರಗೆಲೆಯ ಸದ್ದಿಗೆ ನಾವು ‘ಮರ್ಮರ’ ಎನ್ನುತ್ತೇವೆ. ಸಂಸ್ಕೃತದಿಂದ ಬಂದ ಈ ಪದಕ್ಕೆ ಗ್ರೀಕಿನಲ್ಲೊಬ್ಬ ನೆಂಟನಿದ್ದಾನೆ, ನೀರಿನ ಮೊರೆತವನ್ನು ಹೇಳುವ ‘ಮೊರ್ಮುರೊ’ ಕ್ರಿಯಾಪದ. ಲ್ಯಾಟಿನ್ನಿನ ‘ಮುರ್ಮುರ್’ ಇದೇ ಬಳಗದ್ದು. ನಮ್ಮ ‘ಮೊರೆ’ ದ್ರಾವಿಡ ಬೇರಿನದು. ನೆಂಟಸ್ತಿಕೆ ಇಲ್ಲದಿದ್ದರೂ ಅದನ್ನು ಕಟ್ಟಿದ ಕಿವಿ ಅಂಥದ್ದೇ.

ಮೆಡಿಟರೇನಿಯನ್ ಕಡಲಿನ ಪಟ್ಟೆಪಟ್ಟೆಯ ಒಂದು ಮೀನನ್ನು ಗ್ರೀಕರು ‘ಮೊರ್ಮುರೊಸ್’ ಎಂದು ಕರೆದರು. 1758ರಲ್ಲಿ ಜೀವಿಗಳನ್ನು ವರ್ಗೀಕರಿಸಿದ ತನ್ನ ಪುಸ್ತಕದಲ್ಲಿ ವಿಜ್ಞಾನಿ ಲಿನ್ನೇಯಸ್ ಆ ಮೀನಿಗೆ ಹಳೆಯ ಹೆಸರನ್ನು ಉಳಿಸಿದ. ಅದೇ ಪುಸ್ತಕದಲ್ಲಿ ನೈಲ್ ನದಿಯ ಸಿಹಿನೀರಿನ ಮೀನುಗಳ ಕುಲಕ್ಕೂ ‘ಮಾರ್ಮೈರಸ್’ ಎಂದೇ ಇಟ್ಟ. ನೈಲ್‌ನ ಮೀನಿಗೆ ಹೆಸರಿನ ಬರವೇನೂ ಇರಲಿಲ್ಲ. ಗ್ರೀಕರಿಗೆ ಅದು ‘ಆಕ್ಸಿರಿಂಕಸ್’, ಅಂದರೆ ಚೂಪುಮೂತಿ. ಈಜಿಪ್ಟಿನಲ್ಲಿ ಅದನ್ನು ಪೂಜಿಸುತ್ತಿದ್ದ ಊರಿಗೂ ಅದೇ ಹೆಸರಾಯಿತು. 1896ರಿಂದ ಅಗೆದು ತೆಗೆದ ಪಪೈರಸ್ ಹಾಳೆಗಳಿಂದ ಆ ಊರು ಜಗತ್ತಿಗೇ ಪರಿಚಿತ.

ಮಾರ್ಮೈರಸ್ ಬಳಗದ ಮೀನುಗಳು ಇರುಳಿನವು, ಹೆಚ್ಚಾಗಿ ಕದಡಿದ ನೀರಿನವು. ಬಾಲದ ಬುಡದಲ್ಲಿರುವ ಅಂಗದಿಂದ ಕ್ಷೀಣವಾದ ವಿದ್ಯುತ್ ಮಿಡಿತಗಳನ್ನು ಹೊಮ್ಮಿಸುತ್ತವೆ. ಎದುರಿನ ಕಲ್ಲೋ ಹುಳುವೋ ಆ ವಿದ್ಯುತ್ ಕ್ಷೇತ್ರವನ್ನು ಕದಲಿಸಿದರೆ ಚರ್ಮದ ಗ್ರಾಹಕಗಳಿಗೆ ತಿಳಿಯುತ್ತದೆ. ಮಿಡಿತದ ಆಕಾರ ಜಾತಿಯಿಂದ ಜಾತಿಗೆ ಬೇರೆ, ಹಾಗಾಗಿ ಪರಸ್ಪರ ಗುರುತಿಗೂ ಅದೇ ದಾರಿ. ಇವುಗಳ ಹತ್ತಿರದ ಬಂಧು ಜಿಮ್ನಾರ್ಕಸ್‌ನಲ್ಲಿ ಇಂಥ ಸಂಕೇತಗಳನ್ನು ಪ್ರಾಣಿವಿಜ್ಞಾನಿ ಲಿಸ್‌ಮನ್ 1951ರಲ್ಲಿ ವರದಿ ಮಾಡಿದ ಮೇಲೆ ವಿಜ್ಞಾನ ಇವುಗಳತ್ತ ತಿರುಗಿತು. ಧ್ವನಿವರ್ಧಕಕ್ಕೆ ಜೋಡಿಸಿದರೆ ಮಿಡಿತಗಳು ಚಟಚಟ ಕೇಳುತ್ತವೆ. ನೀರಿನಲ್ಲಿ ಮಾತ್ರ ಅವು ಸದ್ದಲ್ಲ. ಹೀಗಾಗಿ, ಮೊರೆತದ ಹೆಸರು ಈ ಮೀನಿಗೆ ಹೊಂದದ ಅಂಗಿ ಎಂದೇ ತೋರಬಹುದು.

ನನಗೆ ಅತ್ಯಂತ ಇಷ್ಟವಾದ ತಿರುವು ಇರುವುದು ಇಲ್ಲೇ. ಇದೇ ಕುಟುಂಬದ ಬೆರಳುದ್ದದ ಪಾಲಿಮೈರಸ್ ಮೀನು ನಿಜವಾಗಿಯೂ ದನಿ ತೆಗೆಯುತ್ತದೆ ಎಂದು ಸಂಶೋಧಕರು 1986ರಲ್ಲಿ ಪ್ರಕಟಿಸಿದರು. ಗೂಡಿನ ಜಾಗ ಕಾಯುವ ಗಂಡು, ಇರುಳಿನಲ್ಲಿ ಹೆಣ್ಣು ಬಳಿ ಸುಳಿದಾಗ ಗುರುಗುಟ್ಟುತ್ತದೆ, ನರಳಿದಂತೆ ಎಳೆದು ಮೊರೆಯುತ್ತದೆ. ಕೇಳಲೆಂದೇ ಒಳಗಿವಿಗೆ ತಾಗಿಕೊಂಡ ಪುಟ್ಟ ಗಾಳಿಗುಳ್ಳೆ ಈ ಕುಟುಂಬದ ಮೀನುಗಳಿಗಿದೆ. ಲಿನ್ನೇಯಸ್‌ಗೆ ಇದಾವುದೂ ತಿಳಿದಿರಲಾರದು, ಅವನು ಹಳೆಯ ಪದವೊಂದನ್ನು ಎರವಲು ತಂದವನಷ್ಟೆ. ಆ ಪದ ತನ್ನ ಅರ್ಥವನ್ನು ಆಫ್ರಿಕದ ಹೊಳೆಗಳಲ್ಲಿ ಪಡೆದುಕೊಂಡಿತು.